ತೆಕ್ಲಾ ಅತ್ತಿಗೆ ಬಚ್ಚಿಟ್ಟ ಸ್ಕೇಟ್ಸ್

ನಮ್ಮ ತೆಕ್ಲಾ ಅತ್ತಿಗೆಗೆ ಮೂಗಿನ ತುದಿಯಲ್ಲೇ ಕೋಪ. ನನ್ನ ಅಣ್ಣ ವಸೀಲನನ್ನು ಮದುವೆಯಾಗಿ ವೆಸೆಲ್ಕಾಗೆ ಬಂದ ಹೊಸದರಲ್ಲೇ, ಪ್ರಸಂಗ ಉದ್ದವಾಯಿತು, ಮನೆಯಲ್ಲಿ ಹಸು ಕಾಯುತ್ತಿದೆ ಎಂದು ಪಾದ್ರಿಯ ಮುಖಕ್ಕೇ ಹೇಳಿದ ಹೆಂಗಸು. ಅಮ್ಮ ಆವತ್ತು ಸೆರಗಿಲ್ಲದ್ದಕ್ಕೆ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಣ್ಣ ಮಾತ್ರ ಚರ್ಚಿನಿಂದ ಮನೆಯವರೆಗೂ ನಗುತ್ತಲೇ ಬಂದ. ಆಗ ಅವನಿಗೆ ನಗುವುದಕ್ಕೂ ನೆನಪಿಟ್ಟುಕೊಳ್ಳುವುದಕ್ಕೂ ಬರುತ್ತಿತ್ತು.

ಸಸ್ಕಾಚೆವಾನ್ ಪ್ರಾಂತ್ಯದ ಗೋಧಿ ಬಯಲಿನಲ್ಲಿ ನಮ್ಮ ವೆಸೆಲ್ಕಾ ಕಣ್ಣಿಗೆ ಬೀಳದಷ್ಟು ಸಣ್ಣ ಊರು. ರೈಲು ನಿಂತಿತು, ಗೋಧಿ ಕಣಜ ಮುಚ್ಚಿತು, ಬ್ಯಾಂಕಿನವರು ಬಾಗಿಲು ಹಾಕಿಕೊಂಡು ಹೋದರು. ಹುಡುಗರ ಐಸ್ ಹಾಕಿ ಪಂದ್ಯಾವಳಿ ಮಾತ್ರ ನಮ್ಮಪ್ಪನ ಕಾಲದಿಂದ ಒಂದು ಫೆಬ್ರವರಿಯೂ ತಪ್ಪಿಲ್ಲ. ಹೊರಗೆ ಉಗುಳಿದರೆ ನೆಲಕ್ಕೆ ಬೀಳುವಷ್ಟರಲ್ಲಿ ಗಟ್ಟಿಯಾಗುವ ಚಳಿ ಇದ್ದಾಗಲೂ ಹೊರ ಊರಿನ ತಂಡಗಳ ಬಸ್ಸುಗಳು ಬಂದಿವೆ, ಐಸ್ ಅಂಗಳದ ರಿಂಕ್ ತುಂಬಿದೆ.

ಬಂದ ಹುಡುಗರನ್ನು ಮನೆಮನೆಗೆ ಹಂಚಿಕೊಳ್ಳುತ್ತೇವೆ. ಯಾವ ಮನೆಗೆ ಯಾವ ಹುಡುಗ ಬಿದ್ದನೋ, ವಾಪಸು ಬಸ್ಸು ಹತ್ತುವ ತನಕ ಅವನು ಆ ಮನೆಯ ಮಗ. ಊಟ, ಹಾಸಿಗೆ, ಬೈಗುಳ ಎಲ್ಲವೂ ಮನೆಮಕ್ಕಳಿಗೆ ಇದ್ದ ಹಾಗೇ. ಆಟದ ದಿನ ಮನೆಯವರೆಲ್ಲ ಆ ಹುಡುಗನ ತಂಡದ ಕಡೆ ಕೂತು ಅವನಿಗೇ ಕೂಗು ಹಾಕಬೇಕು, ಎದುರು ತಂಡದಲ್ಲಿ ತಮ್ಮ ಹೊಟ್ಟೆಯಲ್ಲಿ ಹುಟ್ಟಿದವನೇ ಇದ್ದರೂ. ಒಮ್ಮೆ ಅಂಚೆಯವನ ಹೆಂಡತಿ ಮರೆತು ತನ್ನ ಮಗನ ಗೋಲಿಗೆ ಚಪ್ಪಾಳೆ ಹೊಡೆದಳು. ಆ ಚಳಿಗಾಲವಿಡೀ ಅವಳನ್ನು ಯಾರೂ ಕಾಫಿಗೆ ಕರೆಯಲಿಲ್ಲ.

ಅತ್ತಿಗೆಯ ಮನೆಗೆ ಪ್ರತಿ ವರ್ಷವೂ ಹುಡುಗರು ಬರುತ್ತಿದ್ದರು. ಸಂಜೆ ಬಂದ ಕೂಡಲೇ ಅವರ ಒದ್ದೆ ಸ್ಕೇಟ್ಸ್, ಆ ಅಲಗಿನ ಬೂಟುಗಳನ್ನು, ಕಿತ್ತುಕೊಂಡು, ನೆಲಮಾಳಿಗೆಯ ಒಲೆಯ ಪಕ್ಕ ತಂತಿಗೆ ನೇತುಹಾಕಿ, ಬೆಳಿಗ್ಗೆ ಒರೆಸಿ ಅವಳೇ ಕೈಗೆ ಕೊಡುವಳು. ಹುಡುಗರ ಕೈಗೆ ಬಿಟ್ಟರೆ ಚೀಲದಲ್ಲೇ ಕೊಳೆಸುತ್ತಾರೆ, ಆಮೇಲೆ ಕಾಲಿಗೆ ಬೊಬ್ಬೆ ಎಂದು ಅಳುತ್ತಾರೆ ಎಂಬುದು ಅವಳ ವಾದ. ನಾನು ಹೇಳಹೊರಟ ವರ್ಷ, ಎಂಬತ್ತೇಳರಲ್ಲಿ, ಅವಳ ಮನೆಗೆ ಬಿದ್ದವನು ರೆನೆ. ಉತ್ತರದ ಕೆರೆಗಳ ಕಡೆಯ ಪೈಕ್ ನ್ಯಾರೋಸ್ ಎಂಬ ಊರಿನವನು, ಹನ್ನೆರಡು ವರ್ಷದ ಹುಡುಗ, ಮಾತು ಕಡಿಮೆ. ಐಸ್ ಮೇಲೆ ಇಳಿದರೆ ಮಾತ್ರ ಹಿಡಿಯಲು ಆಗುತ್ತಿರಲಿಲ್ಲ. ಅವನ ಓರಗೆಯವನೇ ಡ್ವೇನ್, ಅತ್ತಿಗೆಯ ಮೊಮ್ಮಗ. ಅಪ್ಪ ಅಮ್ಮ ದೂರದ ಗಣಿಯಲ್ಲಿ ಕೆಲಸಕ್ಕಿದ್ದುದರಿಂದ ಅವನು ಅಜ್ಜಿಯ ಹತ್ತಿರವೇ ಬೆಳೆದ. ಉಕ್ರೇನಿನಿಂದ ಬಂದ ನಮ್ಮ ಪೈಕಿ ಅಜ್ಜಿಗೆ ಬಾಬಾ ಎನ್ನುತ್ತಾರೆ. ರೆನೆಯೂ ಎರಡೇ ದಿನದಲ್ಲಿ ಬಾಬಾ ಎಂದು ಕರೆಯತೊಡಗಿದ್ದ.

ಆ ವರ್ಷ ಎಂದೂ ಆಗದ್ದು ಆಯಿತು. ಬಂದವರಿಗೆ ಬರೀ ಊಟ ಬಡಿಸುವುದಕ್ಕೇ ಹುಟ್ಟಿದ್ದೇವೆ ಎಂದುಕೊಂಡಿದ್ದ ನಮ್ಮೂರಿನ ತಂಡ ಕೊನೆಯ ಪಂದ್ಯಕ್ಕೆ ಬಂತು. ಗೋಲು ಕಾಯುವವನು ನಮ್ಮ ಡ್ವೇನ್. ಎದುರಿಗೆ ಪೈಕ್ ನ್ಯಾರೋಸ್, ಅಂದರೆ ರೆನೆ. ಊರಿಗೆ ಊರೇ ಹುಚ್ಚು ಹಿಡಿದಂತೆ ಓಡಾಡುತ್ತಿತ್ತು. ಪಂದ್ಯಾವಳಿಯ ಅಧ್ಯಕ್ಷ ಎಲ್ಮರ್ ಗೆಲ್ಲುವ ಕಪ್ಪು ಇಡುವುದಕ್ಕೆಂದು ಪಂಚಾಯಿತಿ ಕಟ್ಟಡದಲ್ಲಿ ಗಾಜಿನ ಕಪಾಟು ಮಾಡಿಸಿಯೇ ಬಿಟ್ಟ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡವೋ ಎಂದು ನಾನು ಹೇಳಿದರೆ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ರಿಂಕಿನ ಅಡುಗೆಮನೆಗೆ ಪಿರೋಹಿ ಕಡುಬಿನ ತಟ್ಟೆಗಳನ್ನು ಸಾಗಿಸಲು ನಾನು ಅತ್ತಿಗೆಯ ಮನೆಗೆ ಹೋದೆ. ಹುಡುಗರಿಬ್ಬರೂ ಮೇಜಿನ ಮುಂದೆ ಕೂತಿದ್ದರು. ಅತ್ತಿಗೆ ಕಡುಬಿನ ಮೇಲೆ ಹುರಿದ ಈರುಳ್ಳಿ ಸುರಿಯುತ್ತಿದ್ದಳು.

"ಬಾಬಾ, ಆಟ ಎಷ್ಟೊತ್ತಿಗೆ?" ಎಂದ ರೆನೆ.

"ಎರಡು ಗಂಟೆಗೆ. ತಿನ್ನು."

ಅವನು ಎರಡು ಕಡುಬು ತಿಂದ. ನಾನು ತಟ್ಟೆಗಳಿಗೆ ಬಟ್ಟೆ ಮುಚ್ಚಿದೆ.

"ಬಾಬಾ, ಆಟ ಎಷ್ಟೊತ್ತಿಗೆ?"

"ಎರಡಕ್ಕೆ ಅಂದ್ನಲ್ಲೋ. ಕಿವೀಲಿ ಹತ್ತಿ ಇಟ್ಕೊಂಡಿದೀಯಾ?"

ನಾನು ನಕ್ಕೆ. ಡ್ವೇನ್ ನಗಲಿಲ್ಲ. ತಟ್ಟೆ ನೋಡುತ್ತ ಕೂತಿದ್ದ. ಸ್ವಲ್ಪ ಹೊತ್ತಿಗೆ ರೆನೆ ಕಿಟಕಿಯ ಕಡೆ ತಿರುಗಿ, ಬೆಳಕು ಕಣ್ಣಿಗೆ ಚುಚ್ಚಿದಂತೆ ಕಣ್ಣು ಕಿರಿದು ಮಾಡಿ, ಅದೇ ದನಿಯಲ್ಲಿ, ಮೊದಲ ಸಲ ಕೇಳುವವನ ಹಾಗೆ ಕೇಳಿದ: "ಬಾಬಾ, ಆಟ ಎಷ್ಟೊತ್ತಿಗೆ?"

ಅತ್ತಿಗೆ ಸೌಟು ಕೆಳಗಿಟ್ಟಳು. ನನ್ನ ಮುಖ ನೋಡಿದಳು. ಈ ಕೇಳುವ ರೀತಿ ನಮ್ಮಿಬ್ಬರಿಗೂ ಗೊತ್ತಿತ್ತು.

ನನ್ನ ಅಣ್ಣ ವಸೀಲ್ ದೊಡ್ಡವರ ತಂಡದಲ್ಲಿ ಆಡುತ್ತಿದ್ದ. ಒಂದು ಆಟದಲ್ಲಿ ತಲೆ ಹಿಂದಕ್ಕೆ ಹೊಡೆದು ಬಿದ್ದ. ನಮ್ಮ ಕಡೆ ಆಗ ಮಾಡುತ್ತಿದ್ದುದನ್ನೇ ಮಾಡಿದರು. ಕತ್ತಿಗೆ ಹಿಡಿ ಹಿಮ ತಿಕ್ಕಿ, ಬೆನ್ನು ತಟ್ಟಿ, ಗಂಡಸು ನೀನು, ಏಳು ಎಂದರು. ಅವನು ಎದ್ದ, ಆಡಿದ, ಗೆದ್ದ. ಅದಾದ ಮುಂದಿನ ವಾರ ಇನ್ನೊಂದು ಪೆಟ್ಟು ಬಿತ್ತು, ಸಣ್ಣದೇ. ಆವತ್ತಿನಿಂದ ಸಾಯುವ ತನಕ ನಮ್ಮಣ್ಣ, ಹಸುವಿಗೆ ನೀರು ಕೊಟ್ಟೆಯಾ ಎಂದು ಬೆಳಗಿನಿಂದ ಸಂಜೆಯವರೆಗೆ ಹೆಂಡತಿಯನ್ನು ಕೇಳಿದ. ಹಸು ಮಾರಿದ ಮೇಲೂ ಕೇಳಿದ. ಪಾದ್ರಿಗೆ ಹೆದರದ ಅತ್ತಿಗೆ ಅವನಿಗೆ ಒಂದು ದಿನವೂ ಗದರಲಿಲ್ಲ. ಪ್ರತಿ ಸಲವೂ, ಕೊಟ್ಟೆ ಕಣ್ರೀ, ಕುಡೀತು ಎನ್ನುತ್ತಿದ್ದಳು.

"ಡ್ವೇನ್, ನಿನ್ನೆ ನಾನು ರಿಂಕಲ್ಲಿದ್ದಾಗ ಏನ್ ಮಾಡಿದ್ರಿ ಇಬ್ರೂ?" ಎಂದಳು ಅತ್ತಿಗೆ.

"ಏನಿಲ್ಲ ಬಾಬಾ."

"ನಿಮ್ ತಾತನ ಫೋಟೋ ನೋಡ್ಕೊಂಡು ಹೇಳು."

ಅವನಿಗೆ ಅಳು ಬಂತು. ಶನಿವಾರದ ಆಟ ಗೆದ್ದು ಬಂದ ಮೇಲೆ ಇಬ್ಬರೂ ಹಿತ್ತಲ ಐಸಿನ ಮೇಲೆ ಆಡಿದ್ದರು, ಹೆಲ್ಮೆಟ್ ಇಲ್ಲದೆ. ಡ್ವೇನ್ ಡಿಕ್ಕಿ ಹೊಡೆದ. ರೆನೆ ಅಂಗಾತ ಬಿದ್ದು ಸ್ವಲ್ಪ ಹೊತ್ತು ಏಳಲಿಲ್ಲ. ಎದ್ದ ಮೇಲೆ ಹಿಮ ತಿಕ್ಕಿಕೊಂಡು, ಯಾರಿಗೂ ಹೇಳಕೂಡದು ಎಂದು ಇಬ್ಬರೂ ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟುಕೊಂಡಿದ್ದರು.

"ನಂಗೇನೂ ಆಗಿಲ್ಲ. ಅಮ್ಮ ಬರ್ತಿದಾಳೆ ನನ್ನ ಆಟ ನೋಡೋಕೆ. ಅಷ್ಟು ದೂರದಿಂದ ಬರ್ತಿದಾಳೆ," ಎಂದ ರೆನೆ.

ಅತ್ತಿಗೆ ಅವನ ತಲೆಯ ಹಿಂದೆ ಮೆಲ್ಲಗೆ ಕೈ ಆಡಿಸಿದಳು. ಅವನು ಹಲ್ಲು ಕಚ್ಚಿಕೊಂಡ. ಆಮೇಲೆ ಅವಳು ನೆಲಮಾಳಿಗೆಗೆ ಇಳಿದು ಹೋಗಿ ತುಂಬ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಸಾರಿನ ದೊಡ್ಡ ಪಾತ್ರೆ ಇತ್ತು, ಅದರ ಮುಚ್ಚಳದ ಮೇಲೆ ಬಟ್ಟೆ ಕಟ್ಟಿತ್ತು.

"ಇದನ್ನೂ ಗಾಡೀಲಿ ಹಾಕ್ಕೊಳೇ ಸೋನ್ಯಾ. ಮುಚ್ಚಳ ತೆಗೀಬೇಡ, ತಣ್ಣಗಾಗುತ್ತೆ."

"ಅತ್ತಿಗೆ, ಅವನ ಕೋಚಿಗೆ ಒಂದು ಮಾತು ಹೇಳಿ ಸುಮ್ನಾಗು. ಇದು ಹೋಗಿ ಎಲ್ಲಿಗೆ ನಿಲ್ಲುತ್ತೆ ಯೋಚ್ನೆ ಮಾಡು. ನಿನ್ನ ಮನೆ, ನಿನ್ನ ಮೊಮ್ಮಗ, ಎದುರು ತಂಡದ ಹುಡುಗ. ಜನ ಏನಂತಾರೆ?"

"ಅಂತಾರೆ. ಊರ ಬಾಯಿಗೆ ಮುಚ್ಚಳ ಮಾಡ್ಸೋಕಾಗುತ್ತಾ?"

ಪೈಕ್ ನ್ಯಾರೋಸಿನ ಕೋಚ್ ಗಾರ್ನೆಟ್ ದಪ್ಪ ಮೀಸೆಯ, ಒಳ್ಳೆಯ ಮನುಷ್ಯ. ರಿಂಕಿನಲ್ಲಿ ಅತ್ತಿಗೆ ಹೇಳಿದ್ದನ್ನು ಪೂರ್ತಿ ಕೇಳಿದ. ಹುಡುಗನನ್ನು ಕರೆದು, ತಲೆ ನೋಯ್ತಾ, ಸುತ್ತುತ್ತಾ ಎಂದ. ಇಲ್ಲ ಎಂದ ರೆನೆ. ಒಂದು ಕಾಲಿನ ಮೇಲೆ ನಿಲ್ಲು ಎಂದ. ನಿಂತ. ಬೆರಳು ತೋರಿಸಿದ. ಎಣಿಸಿದ. ಗಾರ್ನೆಟನ ಮುಖ ನಿಧಾನವಾಗಿ ಕೆಂಪಾಯಿತು.

"ಅಮ್ಮಾ, ನಿಮ್ಮನ್ನ ನಂಬಿ ಹುಡುಗನ್ನ ಬಿಟ್ವಿ. ನಿಮ್ ಹಿತ್ಲಲ್ಲಿ, ನಿಮ್ ಮೊಮ್ಮಗನೇ ಕೆಡವಿದಾನೆ. ಈಗ ನೀವೇ ಬಂದು ಅವನನ್ನ ಆಡಿಸಬೇಡಿ ಅಂತೀರಿ. ಬೇಲೀನೇ ಎದ್ದು ಹೊಲ ಮೇಯೋದು ಅಂದ್ರೆ ಇದೇ ಅಲ್ವಾ?"

ಡಾಕ್ಟರು ನೋಡಲಿ ಎಂದು ಅತ್ತಿಗೆ ಫೋನಿನ ಹತ್ತಿರ ಹೋದಳು. ಊರಿನಲ್ಲಿ ಡಾಕ್ಟರಿರಲಿಲ್ಲ. ಪಕ್ಕದೂರಿನವರು ಭಾನುವಾರ ಫೋನು ಎತ್ತಲಿಲ್ಲ. ಎಲ್ಮರ್ ಬೆವರೊರೆಸಿಕೊಳ್ಳುತ್ತ ಬಂದ.

"ತೆಕ್ಲಾ, ನಮ್ಮ ಮರ್ಯಾದೆ ತೆಗೀಬೇಡ ತಾಯೀ. ಗೆದ್ರೂ ಕಳ್ಳರು ಅಂತಾರೆ ನಾಳೆ. ಹುಡುಗನ ಸ್ಕೇಟ್ಸ್ ಕೊಟ್ಬಿಡು, ಅವನ ಚೀಲದಲ್ಲಿಲ್ಲವಂತೆ."

"ಕೊಡಲ್ಲ."

"ಎಲ್ಲಿವೆ?"

"ಇರೋ ಕಡೆ ಇವೆ. ಡ್ವೇನ್‌ದೂ ಅಲ್ಲೇ ಇವೆ. ಆ ಹುಡುಗ ಆಡದಿದ್ರೆ ನನ್ ಹುಡುಗನೂ ಆಡಲ್ಲ. ಲೆಕ್ಕ ಸರಿಹೋಯ್ತಾ?"

ಲೆಕ್ಕ ಸರಿಹೋಗಲಿಲ್ಲ. ಊರೇ ಮೈಮೇಲೆ ಬಿತ್ತು. ಅಷ್ಟು ವರ್ಷ ಕಾದು ಒಂದು ಸಲ ಕೊನೆಯ ಆಟಕ್ಕೆ ಬಂದರೆ ಗೋಲು ಕಾಯುವವನೇ ಇಲ್ಲ. ಅಂಚೆಯವನ ಹೆಂಡತಿ, ಸಿಕ್ಕಿದ್ದೇ ಸಮಯವೆಂದು, ಗಂಡನಿಗೆ ಹಿಡಿದದ್ದು ಹೆಂಡತಿಗೂ ಹಿಡಿದಿದೆ ಎಂದಳು. ನಾನು ಅವಳ ಕಡೆ ಎದ್ದೆ. ಅತ್ತಿಗೆ ನನ್ನ ತೋಳು ಹಿಡಿದು ಕೂರಿಸಿದಳು. ಡ್ವೇನ್ ಮೂಲೆಯಲ್ಲಿ ಕೂತು ಬಿಕ್ಕುತ್ತಿದ್ದ. ಎಲ್ಮರ್ ಇಬ್ಬರನ್ನು ಕಾರಿನಲ್ಲಿ ಅವಳ ಮನೆಗೆ ಕಳಿಸಿದ. ಅವರು ಒಲೆಯ ಹಿಂದೆ, ಮಂಚದ ಕೆಳಗೆ, ಹಂದಿಮಾಂಸದ ಪೆಟ್ಟಿಗೆಯೊಳಗೆ ಕೂಡ ಹುಡುಕಿ ಬರಿಗೈಯಲ್ಲಿ ಬಂದರು.

ಆಗ ನಮ್ಮ ಊರಿನ ಒಳ್ಳೆಯತನವೇ ನಮಗೆ ಮುಳುವಾಯಿತು. ಮನೆಗೆ ಬಂದ ಹುಡುಗ ಸ್ಕೇಟ್ಸ್ ಇಲ್ಲದೆ ನಿಂತರೆ ವೆಸೆಲ್ಕಾಗೆ ಕೆಟ್ಟ ಹೆಸರು ಎಂದು ಎಲ್ಮರ್ ಮೈಕಿನಲ್ಲಿ ಕೇಳಿಕೊಂಡ. ಊರಿನವರು ತಮ್ಮ ಮಕ್ಕಳ ಕಾಲಿನಿಂದ ಬಿಚ್ಚಿ ತಂದು ರಾಶಿ ಹಾಕಿದರು. ಗೋಲು ಕಾಯುವವನ ಸ್ಕೇಟ್ಸಿನ ಮಾಟವೇ ಬೇರೆ, ಡ್ವೇನ್‌ಗೆ ಯಾರದೂ ಒಗ್ಗಲಿಲ್ಲ. ರೆನೆಗೆ ಮಾತ್ರ ಒಂದು ಜೊತೆ ಅಳತೆಗೆ ಸಿಕ್ಕಿತು. ಅವನು ಬಗ್ಗಿ ದಾರ ಕಟ್ಟಲು ಕೂತ. ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ.

ಅಷ್ಟರಲ್ಲಿ ಅವನ ತಾಯಿ ಬಂದಳು. ಸೋಲಾಂಜ್ ಎಂದು ಹೆಸರು. ಹಿಮದ ಗಾಳಿಯಲ್ಲಿ ಒಬ್ಬಳೇ ಕಾರು ಓಡಿಸಿಕೊಂಡು ಬಂದಿದ್ದಳು, ಕಣ್ಣು ಕೆಂಪಾಗಿದ್ದವು. ಗಾರ್ನೆಟ್ ಎರಡು ಮಾತಿನಲ್ಲಿ ವಿಷಯ ಹೇಳಿದ. ಅವಳು ನೆಟ್ಟಗೆ ಅತ್ತಿಗೆಯ ಮುಂದೆ ಬಂದು ನಿಂತಳು.

"ಏನ್ರೀ ನಿಮ್ದು? ನನ್ ಮಗ ನಡೀತಿದಾನೆ, ಮಾತಾಡ್ತಿದಾನೆ. ಅವನು ಚೆನ್ನಾಗಿದಾನೆ ಅಂತ ಕೋಚ್ ಹೇಳ್ತಿದಾರೆ."

"ಒಂದೇ ಒಂದು ಮಾತು ಕೇಳ್ತೀನಿ ಅವನನ್ನ. ಸರಿಯಾಗಿ ಹೇಳಿದ್ರೆ ನಾನು ಬಾಯಿ ಮುಚ್ಕೊಂಡು ಹೋಗ್ತೀನಿ," ಎಂದಳು ಅತ್ತಿಗೆ. ಅವಳು ರೆನೆಯ ಮುಂದೆ ಮೊಣಕಾಲೂರಿದಳು. ಸುತ್ತ ಜನ ಗುಂಪುಗಟ್ಟಿದರು, ತಾಯಿ ಅತ್ತಿಗೆಯ ಬೆನ್ನ ಹಿಂದೆ ನಿಂತಳು.

"ಮಗಾ, ನಿನ್ನೆ ಆಟದಲ್ಲಿ ಕೊನೇ ಗೋಲು ಹೊಡೆದದ್ದು ಯಾರು?"

ರೆನೆ ಬಾಯಿ ತೆರೆದ. ಮುಚ್ಚಿದ. ಗಾರ್ನೆಟನನ್ನು ನೋಡಿದ, ನನ್ನನ್ನು ನೋಡಿದ, ತಾಯಿಯನ್ನು ನೋಡಿದ. ಹೇಳಬೇಡವೋ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಹೇಳದಿದ್ದರೆ ಅವನು ಉಳಿಯುತ್ತಾನೆ, ಅತ್ತಿಗೆಯೂ ಉಳಿಯುತ್ತಾಳೆ.

"ನಾನು," ಎಂದು ರೆನೆ ನಕ್ಕ.

ಸರಿಯಾದ ಉತ್ತರ. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಗಾರ್ನೆಟ್, ಆಯ್ತಲ್ಲಮ್ಮ, ಇನ್ನು ಏಳಿ ಎಂದು ಕೈ ಕೊಟ್ಟ. ಅತ್ತಿಗೆ ಅವನ ಕೈ ಹಿಡಿಯದೆ ತಾನೇ ಎದ್ದಳು. ಕೊಟ್ಟ ಮಾತಿನಂತೆ ಬಾಯಿ ಮುಚ್ಚಿಕೊಂಡಳು. ಹೋಗಲಿಲ್ಲ ಅಷ್ಟೇ. ಐಸಿಗೆ ಇಳಿಯುವ ಸಣ್ಣ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕಡೆಯ ಕಂಬ ಹಿಡಿದು ನಿಂತುಬಿಟ್ಟಳು.

"ದಾರಿ ಬಿಡು ತೆಕ್ಲಾ," ಎಂದ ಎಲ್ಮರ್.

"ನೀವೇ ಎತ್ತಿ ಆಚೆಗಿಡಿ."

ಅರವತ್ತು ದಾಟಿದ ಹೆಂಗಸು. ಯಾರು ಕೈ ಹಾಕುತ್ತಾರೆ? ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರೆಫರಿ ಐಸಿನ ಮೇಲಿಂದ ಸೀಟಿ ಊದಿದ. ಸೋಲಾಂಜ್ ಜನರನ್ನು ತಳ್ಳಿಕೊಂಡು ಮುಂದೆ ಬಂದಳು.

"ಅವನೇನು ನಿಮ್ ಮಗನಾ?"

"ಬಸ್ ಹತ್ತೋ ತನಕ ನನ್ ಮಗನೇ. ಆಮೇಲೆ ನಿನ್ನ ಮಗ. ಅಷ್ಟರ ತನಕ ಈ ಬಾಗಿಲು ದಾಟಿಸಲ್ಲ."

ಸೋಲಾಂಜ್ ಕೈ ಎತ್ತಿದಳು. ಹೊಡೆದೇಬಿಡುತ್ತಾಳೆ ಎಂದುಕೊಂಡೆ. ಅವಳು ಆ ಕೈಯಲ್ಲಿ ಮಗನ ತೋಳು ಹಿಡಿದಳು. "ನಡಿಯೋ. ಇಂಥ ಊರಲ್ಲಿ ನೀನು ಆಡೋದೇ ಬೇಡ. ಇವರ ಕಪ್ಪಿಗೆ ಬೆಂಕಿ ಬೀಳಲಿ," ಎಂದು ಯಾರದೋ ಸ್ಕೇಟ್ಸ್ ಅವನ ಕಾಲಿನಿಂದ ಕಿತ್ತೆಸೆದು, ಬರೀ ಕಾಲುಚೀಲದಲ್ಲೇ ಅವನನ್ನು ಎಳೆದುಕೊಂಡು ಹೊರಟುಹೋದಳು. ಅವನು ಅಳುತ್ತಿದ್ದ. ಯಾರೋ ಅವನ ಬೂಟುಗಳನ್ನು ಎತ್ತಿಕೊಂಡು ಹಿಂದೆ ಓಡಿದರು.

ಆಟ ನಡೆಯಿತು. ಡ್ವೇನ್ ಬದಲು ನಿಂತ ಹುಡುಗನ ಕಾಲುಗಳ ನಡುವೆ ಪಕ್ ಎಂಬ ಆಟದ ರಬ್ಬರ್ ಬಿಲ್ಲೆ ನುಗ್ಗಿದ್ದೇ ನುಗ್ಗಿದ್ದು. ರೆನೆ ಇಲ್ಲದೆಯೂ ಪೈಕ್ ನ್ಯಾರೋಸ್ ಗೆದ್ದಿತು. ಅತ್ತಿಗೆ ಕೊನೆಯ ತನಕ ಅವರ ಕಡೆಯೇ ಕೂತಿದ್ದಳು, ಅವಳ ಅಕ್ಕಪಕ್ಕದ ಜಾಗವೆಲ್ಲ ಖಾಲಿ. ಆಮೇಲೆ ಅಡುಗೆಮನೆಗೆ ಬಂದು, ನಾನು ಬೆಳಿಗ್ಗೆ, ಎಂಥ ಸಾರು ಮಾರಾಯ್ತಿ, ಕಬ್ಬಿಣ ಬೇಯಿಸಿದೀಯಾ ಎಂದು ಬೈದುಕೊಂಡು ಹೊತ್ತು ತಂದಿದ್ದ ಪಾತ್ರೆಯ ಬಟ್ಟೆ ಬಿಚ್ಚಿ ಎರಡು ಜೊತೆ ಸ್ಕೇಟ್ಸ್ ಹೊರತೆಗೆದಳು. ನನಗೆ ನಗು ಬರಲಿಲ್ಲ.

ಆ ವರ್ಷ ಅತ್ತಿಗೆಯ ಪಾಲಿಗೆ ನೆಟ್ಟಗಿರಲಿಲ್ಲ. ಅಂಗಡಿಯಲ್ಲಿ ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಡ್ವೇನ್ ಬೇಸಿಗೆಯವರೆಗೂ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಎಲ್ಮರನ ಗಾಜಿನ ಕಪಾಟು ಖಾಲಿ ನಿಂತು ದಿನಾ ಅವಳನ್ನು ಬೈಯುತ್ತಿತ್ತು. ಮುಂದಿನ ಫೆಬ್ರವರಿಗೆ ಸಮಿತಿಯವರು ಬಂದು, ನಿಮಗೆ ವಯಸ್ಸಾಯಿತು, ಈ ಸಲ ಹುಡುಗರು ಬೇಡ ಎಂದರು. ಅವಳು ಆಗಲಿ ಎಂದಳು. ಸಿಟ್ಟು ಮಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ನಾನೇ ಸರಿ ಇದ್ದೆನೋ ಇಲ್ಲವೋ ಕಣೇ, ಹುಡುಗ ಉತ್ತರ ಹೇಳಿಬಿಟ್ಟನಲ್ಲ ಎಂದು ಒಂದು ದಿನ ಹಿಟ್ಟು ನಾದುತ್ತ ನನ್ನನ್ನು ಕೇಳಿದಳು. ಅವಳ ಬಾಯಿಂದ ಅಂಥ ಮಾತು ಬಂದದ್ದಕ್ಕೆ ನನಗೆ ದುಃಖ ಉಕ್ಕಿ ಬಂತು.

ಆ ಫೆಬ್ರವರಿಯ ಪಂದ್ಯಾವಳಿಯ ಎರಡನೆಯ ದಿನ ರಿಂಕಿನ ಅಡುಗೆಮನೆಯಲ್ಲಿ ನಾವಿಬ್ಬರೇ ಕಡುಬು ಮಡಿಸುತ್ತಿದ್ದೆವು. ಬಾಗಿಲಲ್ಲಿ ಸೋಲಾಂಜ್ ನಿಂತಿದ್ದಳು. ಅತ್ತಿಗೆ ಕೈ ನಿಲ್ಲಿಸಲಿಲ್ಲ.

"ಹುಡುಗ ಹೇಗಿದಾನೆ?" ಎಂದಳು.

"ವಸಂತ ಮುಗಿಯೋ ತನಕ ತಲೆನೋವು. ಪುಸ್ತಕ ಹಿಡಿದ್ರೆ ವಾಂತಿ. ಈಗ ಚೆನ್ನಾಗಿದಾನೆ. ಡಾಕ್ಟರು ಇನ್ನೊಂದು ವರ್ಷ ಆಡೋದು ಬೇಡ ಅಂದಿದಾರೆ."

ಅತ್ತಿಗೆ ಕಣ್ಣು ಮುಚ್ಚಿ ಶಿಲುಬೆಯ ಗುರುತು ಮಾಡಿಕೊಂಡಳು. ಹಣೆಗೆ ಹಿಟ್ಟು ಮೆತ್ತಿತು.

ಸೋಲಾಂಜ್ ಒಳಗೆ ಬರಲಿಲ್ಲ. "ಅವತ್ತು ಅವನಿಗೆ ಉತ್ತರ ಗೊತ್ತಿರಲಿಲ್ಲ," ಎಂದಳು. "ಕೋಚ್ ನನಗೆ ಹಿಂದಿನ ರಾತ್ರಿನೇ ಫೋನಲ್ಲಿ ಹೇಳಿದ್ರು, ಕೊನೇ ಗೋಲು ನಿನ್ನ ಮಗನದೇ ಅಂತ. ಅವನು ಸುಮ್ನೆ ನನ್ನ ನೋಡಿದ. ನಾನು ನಿಮ್ಮ ಬೆನ್ನ ಹಿಂದೆ ನಿಂತು ಅವನ ಕಡೆ ಬೆರಳು ತೋರಿಸ್ದೆ. ನೀನೇ ಅಂತ. ಅಷ್ಟು ದೂರ ಬಂದಿದ್ದೆ, ಅವನು ಆಡೋದನ್ನ ನೋಡಬೇಕಿತ್ತು ನಂಗೆ. ಉತ್ತರ ಹೇಳಿ ಅವನು ನಕ್ಕ ನೋಡಿ, ಅದು ಗೊತ್ತಿಲ್ಲದೆ ನಗೋ ನಗು. ಆವಾಗ ನಂಗೆ ಭಯ ಆಯ್ತು. ನಿಮ್ಮನ್ನ ಬೈದು ಕರ್ಕೊಂಡು ಹೋದೆ. ನಿಮ್ಮನ್ನ ನೋಡಿ ಎಲ್ಲರೂ ನಗ್ತಿದ್ರು, ನಾನು ಸತ್ಯ ಹೇಳಲಿಲ್ಲ."

ಒಂದು ವರ್ಷ ಇಡೀ ಊರು ನಮ್ಮ ಅತ್ತಿಗೆಯನ್ನು ಮೂಲೆಗೆ ತಳ್ಳಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಕೈ ತೊಳೆದು ಒರೆಸಿಕೊಂಡಳು.

"ಇಲ್ಲಿ ಈ ಕಡುಬಿಗೆ ಹೇಳಿ ಏನು ಬಂತು? ಅಲ್ಲಿ ಹೋಗಿ ಹೇಳು."

"ನಿಮ್ಮ ಹೆಸರು ಸರಿಯಾಗಲಿ ಅಂತಾನೇ ಬಂದೆ."

"ನನ್ ಹೆಸರು ಮಣ್ಣಿಗೆ ಹೋಗಲಿ. ಅಲ್ಲಿ ಅಮ್ಮಂದಿರು ಕೂತಿದಾರೆ. ಅವರಿಗೆ ಹೇಳು."

ಒಂದು ಆಟ ಮುಗಿದು ಇನ್ನೊಂದು ಶುರುವಾಗುವ ಬಿಡುವು. ಸೋಲಾಂಜ್ ಎಲ್ಮರನ ಕೈಯಿಂದ ಮೈಕ್ ತೆಗೆದುಕೊಂಡು ಎಲ್ಲವನ್ನೂ ಹೇಳಿದಳು, ಬೆರಳು ತೋರಿಸಿದ್ದನ್ನೂ. ಜನ ಚಪ್ಪಾಳೆ ಹೊಡೆಯಲಿಲ್ಲ. ಅತ್ತಿಗೆಯ ಕಡೆ ನೋಡುವ ಧೈರ್ಯವೂ ಯಾರಿಗೂ ಇರಲಿಲ್ಲ. ಅಂಚೆಯವನ ಹೆಂಡತಿ ತನ್ನ ಜಾಗದಿಂದ ಎದ್ದು, ಮೆಟ್ಟಿಲಿಳಿದು, ಆಟಗಾರರ ಬೆಂಚಿನ ಹತ್ತಿರ ಹೋಗಿ ತನ್ನ ಮನೆಗೆ ಬಿದ್ದಿದ್ದ ಬೇರೆ ಊರಿನ ಹುಡುಗನ ಮುಂದೆ ಕೂತಳು. ನಿನ್ನೆ ಗೋಡೆಗೆ ಬಡಿದು ಬಿದ್ದೆಯಲ್ಲ ಕಂದಾ, ನಿಜ ಹೇಳು, ತಲೆ ನೋಯುತ್ತಿದೆಯಾ ಎಂದು ಕೇಳಿದಳು. ಹುಡುಗ ತನ್ನ ಕೋಚನ್ನು ನೋಡಿದ, ಮತ್ತೆ ಅವಳನ್ನು ನೋಡಿದ, ಹೌದು ಎಂದು ತಲೆಯಾಡಿಸಿದ. ಅವಳು ಅವನ ಹೆಲ್ಮೆಟ್ ಬಿಚ್ಚಿ ಪಕ್ಕಕ್ಕಿಟ್ಟಳು.